ಹಳೇ ತೇಗದ ಕುರ್ಚಿ, ಸೋಫಾಕ್ಕೆ ಮನೆಯಲ್ಲೇ ಹೊಸ ಕುಷನ್: ಎಲ್ಲಿಂದ ಶುರು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಮನೆಯಲ್ಲಿ ಮೂರು ಬಗೆಯ ಹಳೇ ಸಾಮಾನಿದೆ.

ಒಂದು, ಆರು ತೇಗದ ಊಟದ ಕುರ್ಚಿ. ಸೀಟಿನ ಅಡಿ ನಾಲ್ಕು ಸ್ಕ್ರೂ ಇವೆ, ಬಿಚ್ಚಿದರೆ ಸೀಟು ಪೂರ್ತಿ ಕೈಗೆ ಬರುತ್ತದೆ. ರೆಕ್ಸಿನ್ ಒಡೆದಿದೆ, ಒಳಗಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಎರಡು, ಬೀಟೆಯ ಎರಡು ಕೈಕುರ್ಚಿ. ಯಾರೋ ಮೇಲೆ ದಪ್ಪ ಕುಷನ್ ಇಟ್ಟು ಸುತ್ತ ಮೊಳೆ ಹೊಡೆದಿದ್ದಾರೆ. ಮೂರು, ಮೂರು ಜನ ಕೂರುವ ಸ್ಪ್ರಿಂಗ್ ಸೋಫಾ. ಒಂದು ಕಡೆ ಕುಸಿದು ಸ್ಪ್ರಿಂಗ್ ಕೆಳಗೆ ಜೋತುಬಿದ್ದಿದೆ.

ಕೈಯಲ್ಲಿರುವುದು ಸುತ್ತಿಗೆ, ಇಕ್ಕಳ, ಡ್ರಿಲ್, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಈ ಕೆಲಸ ಮಾಡಿ ಅಭ್ಯಾಸ ಇಲ್ಲ. ಯಾವುದನ್ನು ಮೊದಲು ಹಿಡಿಯಲಿ? ಫೋಮ್ ಎಂಥದ್ದು, ಎಷ್ಟು ದಪ್ಪ? ಆರು ಸೀಟಿಗೆ ಬಟ್ಟೆ ಎಷ್ಟು ಮೀಟರ್ ಬೇಕು? ಕೈಯಲ್ಲಿ ಒತ್ತುವ ಸ್ಟೇಪಲ್ ಗನ್ ಸಾಕೇ?

ಕೊಡತಿ_ಉಳಿ

ಊಟದ ಕುರ್ಚಿಯಿಂದಲೇ ಶುರು ಮಾಡಿ. ಆದರೆ ಆರನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಸೀಟು ಪೂರ್ತಿ ಮುಗಿಸಿ, ಎರಡು ದಿನ ಕೂತು ನೋಡಿ, ಆಮೇಲೆ ಉಳಿದದ್ದು. ಮೂಲೆ ಹೇಗೆ ಮಡಚಿದ್ದಾರೆ, ಬಟ್ಟೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಿಕೊಳ್ಳಲು ಬಿಚ್ಚದ ಐದು ಸೀಟು ಮಾದರಿಯಾಗಿ ಇರುತ್ತವೆ. ಸ್ಕ್ರೂ ತೆಗೆದ ತಕ್ಷಣ ಸೀಟಿನ ಅಡಿಗೂ ಕುರ್ಚಿಯ ಚೌಕಟ್ಟಿಗೂ ಒಂದೇ ನಂಬರ್ ಬರೆಯಿರಿ. ಕೈಕೆಲಸದ ಕುರ್ಚಿಗಳಲ್ಲಿ ಒಂದರ ಸೀಟು ಇನ್ನೊಂದಕ್ಕೆ ಸರಿಯಾಗಿ ಕೂರುವುದು ಅಪರೂಪ.

ಸೀಟು ಹೊರಗಿರುವಾಗಲೇ ಕುರ್ಚಿ ಅಲ್ಲಾಡಿಸಿ ನೋಡಿ. ಕಾಲಿನ ಕೂಡು ಸಡಿಲ ಇದ್ದರೆ ಅದಕ್ಕೇ ಮೊದಲ ಸರದಿ. ಕೂಡು ಬಿಚ್ಚಿ, ಹಳೇ ಮರವಜ್ರವನ್ನು (ಬಡಗಿಗಳ ಹಳೇ ಅಂಟು) ಬಿಸಿನೀರಿನ ಬಟ್ಟೆಯಿಂದ ಮೆದು ಮಾಡಿ ಕೆರೆದು ತೆಗೆದು, ಪೂರ್ತಿ ಒಣಗಿಸಿ, ಬಿಳಿ ಫೆವಿಕಾಲ್ ಹಚ್ಚಿ ಸೇರಿಸಿ. ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಕ್ಲಾಂಪ್ ಇಲ್ಲದಿದ್ದರೆ ನಾಲ್ಕೂ ಕಾಲಿಗೆ ಹಗ್ಗ ಎರಡು ಸುತ್ತು ಹಾಕಿ, ನಡುವೆ ಒಂದು ಕೋಲು ತೂರಿಸಿ ತಿರುಚಿ ಬಿಗಿ ಮಾಡಿ 24 ಗಂಟೆ ಬಿಡಿ. ಹಗ್ಗ ತಾಗುವ ಕಡೆ ಬಟ್ಟೆ ಇಡಿ, ಪಾಲಿಶ್ ಹೋಗಬಾರದು.

ಹಳೇ ಮೊಳೆ ಎಬ್ಬಿಸಲು ಹಳೇ ಚಪ್ಪಟೆ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಮೊಳೆಯ ತಲೆಯಡಿ ಇಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿ. ಮರದ ಎಳೆ ಹೋದ ದಿಕ್ಕಿನಲ್ಲೇ ತಟ್ಟಬೇಕು. ಅಡ್ಡ ಹೊಡೆದರೆ ಅಂಚು ಚಕ್ಕೆಯಾಗಿ ಏಳುತ್ತದೆ. ಮೂಲೆಯ ಹತ್ತಿರ ತಟ್ಟುವಾಗ ಏಟು ಸೀಟಿನ ನಡುಭಾಗದ ಕಡೆಗೆ ಇರಲಿ. ಪುಡಿಯಾದ ಫೋಮ್ ಧೂಳು ಕೆಟ್ಟದ್ದು: ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಬಿಚ್ಚಿ. ಹಳೇ ಬಟ್ಟೆಯನ್ನು ಮಾತ್ರ ಹರಿಯದೆ ತೆಗೆಯಿರಿ. ಫೋಮ್ ಒಳಗೆ ಬಿಡಬೇಡಿ, ನೇರ ಕಸಕ್ಕೆ.

ಈಗ ಅಡಿಹಲಗೆ. ಹೊಸಬರು ಬಟ್ಟೆಯಿಂದ ಯೋಚನೆ ಶುರು ಮಾಡುತ್ತಾರೆ, ಆದರೆ ಕೂತಾಗ ಹಿತವೋ ಅಲ್ಲವೋ ಅನ್ನುವುದು ಅಡಿಹಲಗೆ, ಫೋಮ್ ಇವೆರಡರಲ್ಲೇ ನಿರ್ಧಾರ ಆಗುತ್ತದೆ. ಪ್ಲೈವುಡ್ ಬಾಗಿದ್ದರೆ, ಪದರ ಬಿಟ್ಟಿದ್ದರೆ, 6 ಮಿ.ಮೀ. ತೆಳುವಾಗಿದ್ದರೆ ಬದಲಿಸಿ. 12 ಮಿ.ಮೀ. ಬಿಡಬ್ಲ್ಯುಆರ್ (ಕುದಿನೀರಿಗೂ ತಡೆಯುವ) ಗ್ರೇಡ್ ತನ್ನಿ, ಮಲೆನಾಡಿನ ತೇವಕ್ಕೆ ಕಮರ್ಷಿಯಲ್ ಪ್ಲೈ ತಡೆಯುವುದಿಲ್ಲ. ಹಳೇ ಹಲಗೆಯನ್ನೇ ಮೇಲಿಟ್ಟು ಗೆರೆ ಎಳೆದು ಕೊಯ್ಯಿರಿ. ಮೇಲಂಚನ್ನು ಉಪ್ಪುಕಾಗದದಿಂದ ದುಂಡಗೆ ಮಾಡಿ. ಚೂಪು ಅಂಚು ಎರಡೇ ವರ್ಷದಲ್ಲಿ ಬಟ್ಟೆ ಕೊಯ್ಯುತ್ತದೆ.

ಫೋಮ್ 40 ಡೆನ್ಸಿಟಿ, 2 ಇಂಚು. ಪ್ಲೈ ಮೇಲೆ ಇಷ್ಟು ಸಾಕು. 4 ಇಂಚು ಹಾಕಿದರೆ ಮೆತ್ತಗಿರುತ್ತದೆ ಎಂದು ಅಂಗಡಿಯಲ್ಲಿ ಹೇಳಬಹುದು. ಆಗ ಸೀಟು ಮೇಲೇರಿ ಮೊಣಕಾಲು ಮೇಜಿಗೆ ತಾಗುತ್ತದೆ. ಸೀಟಿನ ಮೇಲ್ಭಾಗ ನೆಲದಿಂದ ಸುಮಾರು 18 ಇಂಚು, ಮೇಜಿನ ಮೇಲ್ಭಾಗ 30 ಇಂಚು ಇರುವುದು ರೂಢಿ. ಆ ಅಂತರ ಕೆಡಿಸಬೇಡಿ.

ಡೆನ್ಸಿಟಿ ಎಂದರೆ ಒಂದು ಘನ ಮೀಟರಿಗೆ ಇಷ್ಟು ಕಿಲೋ ಎಂದು ಅರ್ಥ. ಹಾಗಾಗಿ ಅಡುಗೆಮನೆಯ ತಕ್ಕಡಿಯಲ್ಲೇ ಪರೀಕ್ಷೆ ಮಾಡಬಹುದು. 18 × 18 × 2 ಇಂಚಿನ ತುಂಡು 40 ಡೆನ್ಸಿಟಿಯದಾದರೆ ಸುಮಾರು 425 ಗ್ರಾಂ ತೂಗಬೇಕು, 32 ಆದರೆ 340 ಗ್ರಾಂ. 250ರ ಆಸುಪಾಸು ಬಂದರೆ ಅದು ದಿಂಬಿಗೆ ಹಾಕುವ ಫೋಮ್, ವಾಪಸ್ ಕೊಡಿ. ಅಗ್ಗದ ಫೋಮಿಗೆ ತೂಕ ಬರಲೆಂದು ಸುಣ್ಣದ ಪುಡಿ ಸೇರಿಸುವುದೂ ಇದೆ. ಅದಕ್ಕೇ ಬೆರಳಲ್ಲಿ ಮೂಲೆ ಒತ್ತಿ ಬಿಟ್ಟು ನೋಡಿ: ಕೂಡಲೇ ಎದ್ದು ಬರಬೇಕು, ಕೈಗೆ ಪುಡಿ ಅಂಟಬಾರದು.

ಕೈ ಗನ್ ಸಾಕು. ಪಿನ್ ಕಾಲು 8 ಮಿ.ಮೀ. ಇರಲಿ. ಉದ್ದ ಪಿನ್ ಗಟ್ಟಿ ಅನ್ನುವುದು ತಪ್ಪು ಎಣಿಕೆ. ಕೈ ಗನ್ನಿನ ಸ್ಪ್ರಿಂಗಿಗೆ 12 ಮಿ.ಮೀ. ಪಿನ್ನನ್ನು ಗಟ್ಟಿ ಪ್ಲೈಗೆ ಪೂರ್ತಿ ಇಳಿಸುವ ಶಕ್ತಿ ಇರುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ ಅಥವಾ ಮಡಚುತ್ತದೆ.

ಸೀಟಿನ ಅಳತೆ ಹಾಕಿ, ಬಟ್ಟೆಯ ಲೆಕ್ಕ ಹೇಳುತ್ತೇವೆ.

ತುಂಗಾತೀರ

ಧನ್ಯವಾದ ಸರ್. ಅಡಿಹಲಗೆ 17.5 × 17.5 ಇಂಚು, ದಪ್ಪ 12 ಮಿ.ಮೀ. ಐದು ಚೆನ್ನಾಗಿವೆ, ಒಂದು ಬಾಗಿದೆ. ಸೀಟು ಚೌಕಟ್ಟಿನ ಒಳಗೆ ಕೂರುವ ಬಗೆಯದು, ಸುತ್ತ ಸ್ವಲ್ಪ ಸಂದು ಬಿಟ್ಟಿದ್ದಾರೆ.

ಸೂಜಿ_ದಾರ

ಬಟ್ಟೆಯ ಲೆಕ್ಕ ನಾನು ಹೇಳುತ್ತೇನೆ. ಒಂದು ಬದಿಗೆ ಫೋಮಿನ ಎತ್ತರ 2 ಇಂಚು, ಪ್ಲೈ ದಪ್ಪ ಅರ್ಧ ಇಂಚು, ಅಡಿಗೆ ಮಡಚಲು 2 ಇಂಚು. ಒಟ್ಟು ನಾಲ್ಕೂವರೆ, ಎರಡು ಬದಿ ಸೇರಿ 9. ಹಲಗೆಯ 17.5 ಸೇರಿಸಿದರೆ 26.5 ಇಂಚಿನ ಚೌಕ. ಸೋಫಾ ಬಟ್ಟೆಯ ಥಾನು 54 ಇಂಚು ಅಗಲ ಬರುತ್ತದೆ, ಅಡ್ಡಕ್ಕೆ ಎರಡು ತುಂಡು 53 ಇಂಚಿಗೆ ಕೂರುತ್ತವೆ. ಉದ್ದಕ್ಕೆ ಮೂರು ಸಾಲು, 79.5 ಇಂಚು. ಅಂದರೆ 2 ಮೀಟರಿಗೆ ಒಂದು ಬೆರಳು ಜಾಸ್ತಿ. ನೀವು ಎರಡೂವರೆ ಮೀಟರ್ ತನ್ನಿ. ಇದು ಸಾದಾ ಬಟ್ಟೆಗೆ. ದೊಡ್ಡ ಹೂವು, ಚೌಕಳಿ ಇದ್ದರೆ ಪ್ರತಿ ಸೀಟಿನಲ್ಲೂ ಹೂವು ನಡುವೆ ಬರಬೇಕು, ಆಗ ಒಂದೊಂದು ಸಾಲಿಗೂ ವಿನ್ಯಾಸದ ಒಂದು ಸುತ್ತಿನಷ್ಟು ಹೆಚ್ಚು ಹಿಡಿಯಿರಿ. ಮೊದಲ ಕೆಲಸಕ್ಕೆ ಗೆರೆ, ಚೌಕಳಿ ಬೇಡವೇ ಬೇಡ. ಎಳೆತ ಒಂದು ನೂಲು ಆಚೀಚೆ ಆದರೂ ಗೆರೆ ಡೊಂಕು ಕಾಣುತ್ತದೆ.

ಫೋಮನ್ನು 18 × 18 ಕತ್ತರಿಸಿ, ಹಲಗೆಗಿಂತ ಎಲ್ಲ ಕಡೆ ಕಾಲಿಂಚು ಹೊರಗೆ. ಬಟ್ಟೆ ಬಿಗಿದಾಗ ಆ ಕಾಲಿಂಚು ಒಳಗೆ ಒತ್ತಿಕೊಂಡು ಪ್ಲೈ ಅಂಚನ್ನು ಮುಚ್ಚುತ್ತದೆ. 6 × 3 ಅಡಿ ಶೀಟಿನಲ್ಲಿ ಇಂಥ ಎಂಟು ತುಂಡು ಬರುತ್ತವೆ, ಆರಕ್ಕೆ ಒಂದೇ ಶೀಟು ಸಾಕು. ಕತ್ತರಿಸುವಾಗ ಫೋಮನ್ನು ಒತ್ತಿ ಹಿಡಿಯಬೇಡಿ. ಒತ್ತಿ ಕೊಯ್ದರೆ ಬಿಟ್ಟಾಗ ಅಂಚು ಒಳಗೆ ಬಾಗಿರುತ್ತದೆ. ಉದ್ದ ಬ್ಲೇಡಿನ ಕಟರ್ ಅಥವಾ ಬ್ರೆಡ್ ಕೊಯ್ಯುವ ಹಲ್ಲಿನ ಚಾಕು, ಹಗುರವಾಗಿ ನಾಲ್ಕೈದು ಸಲ ಎಳೆಯಿರಿ.

ಒಳಗೆ ಕೂರುವ ಸೀಟು ಅಂದಿರಲ್ಲ, ಅಲ್ಲಿ ಒಂದು ಅಪಾಯ ಇದೆ. ಆ ಸಂದು ಹಳೇ ಬಟ್ಟೆಯ ದಪ್ಪಕ್ಕೆ ಬಿಟ್ಟದ್ದು. ದಪ್ಪ ಮಖಮಲ್ ಅಥವಾ ಹಿಂದೆ ಫ್ಲೀಸ್ ಅಂಟಿಸಿದ ರೆಕ್ಸಿನ್ ಹಾಕಿದರೆ ಸೀಟು ಒಳಗೆ ಇಳಿಯುವುದಿಲ್ಲ. ಗುದ್ದಿ ಇಳಿಸಿದರೆ ಚೌಕಟ್ಟಿನ ಕೂಡು ಬಿರಿಯುತ್ತದೆ. ಥಾನು ಕೊಳ್ಳುವ ಮುಂಚೆ ಒಂದು ಗೇಣು ಸ್ಯಾಂಪಲ್ ತಂದು, ಬರೀ ಹಲಗೆಯ ಎರಡೂ ಬದಿಗೆ ಮಡಚಿ ಹಿಡಿದು ಚೌಕಟ್ಟಿಗೆ ಇಳಿಸಿ ನೋಡಿ. ಮೂಲೆಯಲ್ಲಿ ಬಟ್ಟೆ ಮಡಿಕೆಯಾಗಿ ಇನ್ನೂ ದಪ್ಪ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಿಗಿ ಅನಿಸಿದರೆ ಹಲಗೆಯ ಅಂಚನ್ನು ಒಂದೆರಡು ಮಿ.ಮೀ. ಉಜ್ಜಿ. ಚೌಕಟ್ಟು ಮುಟ್ಟಬೇಡಿ.

ಯಾವ ಬಟ್ಟೆ? ಬಿಗಿ ನೇಯ್ಗೆಯ ಪಾಲಿಯೆಸ್ಟರ್ ಅಥವಾ ಹತ್ತಿ ಮಿಶ್ರಣದ ಸೋಫಾ ಬಟ್ಟೆ. ಲೇಬಲ್ ಮೇಲೆ ಮಾರ್ಟಿಂಡೇಲ್ ಅಂಕಿ (ಬಟ್ಟೆ ಎಷ್ಟು ಉಜ್ಜಾಟ ತಡೆಯುತ್ತದೆ ಎಂಬ ಅಳತೆ) ಕೊಟ್ಟಿದ್ದರೆ 20,000ಕ್ಕಿಂತ ಮೇಲಿನದು ದಿನಬಳಕೆಯ ಸೀಟಿಗೆ ಸರಿ. ಪರದೆ ಬಟ್ಟೆ, ಬೆಡ್‌ಶೀಟ್ ಬಟ್ಟೆ ಎಷ್ಟೇ ಚೆಂದ ಇರಲಿ ಬೇಡ, ಪಿನ್ ಹೊಡೆದ ಸಾಲಿನಲ್ಲೇ ನೂಲು ಬಿಟ್ಟುಕೊಳ್ಳುತ್ತದೆ. ಊಟದ ಕುರ್ಚಿ ಒರೆಸಲು ಸುಲಭ ಇರಬೇಕು ಎಂದು ರೆಕ್ಸಿನ್ ಬಯಸಿದರೆ ಪಿವಿಸಿ ಲೇಪದ್ದು ತನ್ನಿ, ಪಿಯು (ಪಾಲಿಯುರೆಥೇನ್) ಲೇಪದ್ದು ಬೇಡ. ಪಿಯು ಮುಟ್ಟಲು ಮೃದು, ಆದರೆ ತೇವದ ಹವೆಗೆ ಮೇಲಿನ ಪದರ ಸೀಳಿ ಹಪ್ಪಳದ ಹಾಗೆ ಏಳುತ್ತದೆ. ಮಲೆನಾಡಿಗೂ ಕರಾವಳಿಗೂ ಅದು ಸಲ್ಲದು. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಕಾರ್ ಸೀಟಿನ ರೆಕ್ಸಿನ್ ಸಿಗುತ್ತದೆ, ಬಿಸಿಲಿಗೂ ಉಜ್ಜಾಟಕ್ಕೂ ತಡೆಯುತ್ತದೆ.

ರೆಕ್ಸಿನ್ ಹಾಕುವುದಾದರೆ ಪ್ಲೈಗೆ ಮೊದಲೇ 12 ಮಿ.ಮೀ.ಯ ಐದು ತೂತು ಕೊರೆಯಿರಿ. ರೆಕ್ಸಿನ್ನಿನಲ್ಲಿ ಗಾಳಿ ಆಡುವುದಿಲ್ಲ. ತೂತಿಲ್ಲದಿದ್ದರೆ ಕೂತಾಗ ಗಾಳಿ ಹೊರಗೆ ಹೋಗಲು ದಾರಿ ಸಿಗದೆ ಸೀಟು ಬಲೂನಿನಂತೆ ಉಬ್ಬಿ, ಪಿನ್ ಸಾಲು ಕಿತ್ತುಬರುತ್ತದೆ.

ಕೊಡತಿ_ಉಳಿ

ಮೇಡಂ ಹೇಳಿದ್ದೆಲ್ಲ ಸರಿ. ಹೊದಿಸುವ ಕ್ರಮ ಬರೆಯುತ್ತೇನೆ.

ಫೋಮ್ ಅಂಟಿಸಲು ಫೆವಿಕಾಲ್ ಎಸ್‌ಆರ್ 998. ಬಿಳಿ ಫೆವಿಕಾಲ್ ಫೋಮಿನಲ್ಲಿ ಹೀರಿಕೊಂಡು ಕಲ್ಲಾಗುತ್ತದೆ, ಕೂತಾಗ ಕರಕರ ಅನ್ನುತ್ತದೆ. ಎಸ್‌ಆರ್ ಅನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ 10–15 ನಿಮಿಷ ಬಿಡಿ, ಬೆರಳಿಗೆ ಅಂಟದ ಹದ ಬಂದ ಮೇಲೆ ಜೋಡಿಸಿ. ಜೋಡಿಸಿದ ಮೇಲೆ ಸರಿಸಲು ಆಗುವುದಿಲ್ಲ, ಹಾಗಾಗಿ ಒಂದು ಅಂಚಿನಿಂದ ಹೊರಳಿಸುತ್ತ ಇಡಿ. ಹಲಗೆಯ ಪೂರ್ತಿ ಮೈಗೆ ಬೇಡ, ಸುತ್ತ ಎರಡಿಂಚು ಪಟ್ಟಿ ಮತ್ತು ನಡುವೆ ಒಂದು ಗುಣಾಕಾರ ಗುರುತು ಸಾಕು. ಅದರ ಆವಿ ಬೆಂಕಿ ಹಿಡಿಯುತ್ತದೆ. ಒಲೆ ಇರಲಿ, ದೇವರ ದೀಪ ಇರಲಿ, ಹತ್ತಿರ ಬೇಡ. ಕಿಟಕಿ ತೆರೆದಿರಲಿ.

ಫೋಮಿನ ಮೇಲೆ ತೆಳುವಾದ ರೆಕ್ರಾನ್ ಶೀಟ್ (ಹತ್ತಿಯಂಥ ಪಾಲಿಯೆಸ್ಟರ್ ಹಾಳೆ) ಒಂದು ಪದರ ಹೊದಿಸಿ. ಅಂಚು ದುಂಡಗೆ ಕಾಣುತ್ತದೆ, ಬಟ್ಟೆ ಫೋಮಿಗೆ ಸಿಕ್ಕಿಕೊಳ್ಳದೆ ಜಾರುತ್ತದೆ. ನಿಮ್ಮ ಕುರ್ಚಿಯಲ್ಲಿ ಸಂದು ಕಡಿಮೆ ಇರುವುದರಿಂದ ಈ ಪದರ ಹಲಗೆಯ ಅಂಚಿನವರೆಗೆ ಬರಬಾರದು, ಫೋಮಿನ ಕೆಳತುದಿಗೇ ನಿಲ್ಲಿಸಿ.

ಬಟ್ಟೆಯ ನಾಲ್ಕೂ ಬದಿಯ ನಡುವಿಗೆ ಸಣ್ಣ ಗುರುತು, ಹಲಗೆಯ ಅಡಿಯಲ್ಲೂ ಅದೇ ಗುರುತು. ಬಟ್ಟೆ ಬೋರಲು ಹಾಸಿ, ಮೇಲೆ ಸೀಟು ಬೋರಲು ಇಡಿ. ಮೊದಲ ಪಿನ್ ಹಿಂಬದಿಯ ನಡುವೆ, ಎರಡನೆಯದು ಮುಂಬದಿಯ ನಡುವೆ, ಆಮೇಲೆ ಎಡ, ಬಲ. ಈ ನಾಲ್ಕನ್ನು ಗನ್ ಸ್ವಲ್ಪ ಓರೆ ಹಿಡಿದು ಹೊಡೆಯಿರಿ, ಒಂದು ಕಾಲು ಮೇಲೆ ಉಳಿದರೆ ಕೀಳಲು ಸುಲಭ. ಈಗ ಸೀಟು ತಿರುಗಿಸಿ ನೋಡಿ, ನೂಲಿನ ಎಳೆ ಹಲಗೆಗೆ ನೇರ ಇದೆಯೇ? ಇಲ್ಲದಿದ್ದರೆ ಕಿತ್ತು ಮತ್ತೆ ಹಾಕಿ. ಈ ಹಂತದಲ್ಲಿ ಕೀಳುವುದು ನಾಲ್ಕೇ ಪಿನ್. ಸರಿ ಇದ್ದರೆ ನಡುವಿನಿಂದ ಮೂಲೆ ಕಡೆಗೆ, ಒಂದು ಬದಿಗೆ ಎರಡು ಪಿನ್ ಹೊಡೆದರೆ ಎದುರು ಬದಿಗೂ ಎರಡು. ಪಿನ್ನಿನಿಂದ ಪಿನ್ನಿಗೆ ಒಂದಿಂಚು. ಮೂಲೆಗೆ ಎರಡಿಂಚು ಇರುವಾಗ ನಿಲ್ಲಿಸಿ. ನಾಲ್ಕೂ ಬದಿ ಆದ ಮೇಲೇ ಮೂಲೆ: ತುದಿಯನ್ನು ನೇರ ನಡುವಿಗೆ ಎಳೆದು ಒಂದು ಪಿನ್, ಎರಡೂ ಕಡೆಯ ಹೆಚ್ಚುವರಿಯನ್ನು ಮಡಿಕೆ ಮಾಡಿ ಒಂದೊಂದು ಪಿನ್. ಎಲ್ಲ ಮುಗಿಯುವ ತನಕ ಬಟ್ಟೆ ಕತ್ತರಿಸಬೇಡಿ.

ಬಹಳ ಜನ ಮರೆಯುವುದು ಸ್ಕ್ರೂ ತೂತು. ಹೊದಿಸುವ ಮುಂಚೆ ಹಲಗೆಯ ಅಡಿಯಿಂದ ನಾಲ್ಕು ತೂತಿಗೂ ಊದಿನಕಡ್ಡಿಯ ತುಂಡು ಸಿಕ್ಕಿಸಿಡಿ. ಬಟ್ಟೆಯ ಮಡಿಕೆ ಅಥವಾ ಅಡಿಗೆ ಹೊಡೆಯುವ ಕಪ್ಪು ಬಟ್ಟೆ ಅವುಗಳ ಮೇಲೆ ಬಂದರೆ ಗೊತ್ತಾಗುತ್ತದೆ. ಹಳೇ ಸ್ಕ್ರೂಗಳನ್ನೇ ಬಳಸಿ. ಉದ್ದ ಸ್ಕ್ರೂ ಹಾಕಿದರೆ 12 ಮಿ.ಮೀ. ಹಲಗೆ ದಾಟಿ ಫೋಮಿನೊಳಗೆ ತುದಿ ಏಳುತ್ತದೆ, ಕೂತವರಿಗೆ ಚುಚ್ಚುತ್ತದೆ.

ಇನ್ನೊಂದು, ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವ ಹಿಡಿದ ಪ್ಲೈಗೆ ಫೋಮ್ ಮುಚ್ಚಿದರೆ ಒಳಗೇ ಬೂಷ್ಟು ಬರುತ್ತದೆ. ದಸರಾ ಕಳೆದು ಬಿಸಿಲು ಬಂದ ಮೇಲೆ ಹಲಗೆ ಎರಡು ದಿನ ಒಣಗಿಸಿ ಹಿಡಿಯಿರಿ.

ಬೆತ್ತದ_ಹೆಣಿಗೆ

ಕೈಕುರ್ಚಿಯ ಬಗ್ಗೆ ಯಾರೂ ಹೇಳಲಿಲ್ಲ. ತುಂಗಾತೀರ ಅವರೇ, ಆ ಕುಷನ್ ಒಂದು ಮೂಲೆ ಎಬ್ಬಿಸಿ, ಚೌಕಟ್ಟಿನ ಒಳಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳಿವೆಯೇ ನೋಡಿ.

ತುಂಗಾತೀರ

ಹೌದು! ಒಂದೊಂದು ಸೆಂಟಿಮೀಟರಿಗೂ ತೂತು. ಕೆಲವು ಮೊಳೆ ಆ ತೂತುಗಳ ಮೇಲೇ ಬಿದ್ದಿವೆ.

ಬೆತ್ತದ_ಹೆಣಿಗೆ

ಹಾಗಾದರೆ ಅವು ಬೆತ್ತದ ಕುರ್ಚಿಗಳು. ದಯವಿಟ್ಟು ಅವಕ್ಕೆ ಇನ್ನೊಂದು ಮೊಳೆಯನ್ನೂ ಹೊಡೆಯಬೇಡಿ. ತೂತಿನ ಸಾಲು ಅಂಚಿಗೆ ಹತ್ತಿರ ಇರುತ್ತದೆ, ಪಕ್ಕದಲ್ಲಿ ಪಿನ್ ಸಾಲು ಬಿದ್ದರೆ ಬೀಟೆಯಂಥ ಗಟ್ಟಿ ಮರವೂ ಗೆರೆ ಹಿಡಿದು ಸೀಳುತ್ತದೆ. ಬೀಟೆ ಸೀಳಿದರೆ ಆ ಪಟ್ಟಿ ಬದಲಿಸಲು ಅದೇ ಬಣ್ಣದ ಮರ ಸಿಗುವುದು ಕಷ್ಟ.

ಮೊಳೆ ಕಿತ್ತು, ಬೆತ್ತಕ್ಕೆ ಸೇರದ ಮೊಳೆತೂತಿಗೆ ಬಿದಿರಿನ ಸಣ್ಣ ಕಡ್ಡಿಯನ್ನು ಬಿಳಿ ಫೆವಿಕಾಲಿನಲ್ಲಿ ಅದ್ದಿ ತುಂಬಿ, ಒಣಗಿದ ಮೇಲೆ ಮಟ್ಟಕ್ಕೆ ಕೊಯ್ಯಿರಿ. ಬೆತ್ತದ ತೂತುಗಳೊಳಗೆ ಹಳೇ ಬೆತ್ತದ ತುಂಡು ಸಿಕ್ಕಿದ್ದರೆ ಮೊಂಡು ಮೊಳೆಯಿಂದ ಅಡಿಯಿಂದ ಮೇಲಕ್ಕೆ ತಳ್ಳಿ. ಡ್ರಿಲ್ ಹಾಕಿ ತೂತು ದೊಡ್ಡದು ಮಾಡಬೇಡಿ, ಬೆತ್ತವನ್ನು ತೂತಿನಲ್ಲಿ ಬಿಗಿ ಹಿಡಿಯುವ ಗೂಟ ನಿಲ್ಲುವುದಿಲ್ಲ.

ಹೆಣೆಯುವುದು ಕಲಿಯಬಹುದಾದದ್ದೇ, ಆದರೆ ಕಲಿಯುವವರಿಗೆ ಒಂದು ಸೀಟಿಗೆ ಹಲವು ದಿನ ಹಿಡಿಯುತ್ತದೆ. ರೂಢಿಯ ಹೆಣಿಗೆಯಲ್ಲಿ ಆರು ಹಂತ: ಉದ್ದ, ಅಡ್ಡ, ಮತ್ತೆ ಉದ್ದ, ಮತ್ತೆ ಅಡ್ಡ (ಇದನ್ನು ಮೇಲೆ ಕೆಳಗೆ ನೇಯುತ್ತ), ಆಮೇಲೆ ಎರಡು ಓರೆ. ಬೆತ್ತದ ಸಿಪ್ಪೆ 15–20 ನಿಮಿಷ ನೀರಿನಲ್ಲಿ ನೆನೆದಿರಬೇಕು, ಹೊಳೆಯುವ ಮೈ ಯಾವಾಗಲೂ ಮೇಲೆ. ಒಣಗಿದ ಬೆತ್ತ ಬಾಗಿಸಿದರೆ ತೂತಿನ ಬಾಯಲ್ಲೇ ಮುರಿಯುತ್ತದೆ. ಮೊದಲ ಎರಡು ಹಂತ ಬಿಗಿ ಎಳೆಯಬೇಡಿ, ಕೊನೆಯ ಓರೆಗಳು ತೂರಲು ಜಾಗ ಬೇಕು, ಒಣಗಿದಾಗ ತಾನೇ ಬಿಗಿಯುತ್ತದೆ. ಮುಗಿದ ಮೇಲೆ ಎರಡು ದಿನ ಯಾರೂ ಕೂರಬಾರದು.

ಅಲ್ಲಿಯವರೆಗೆ ಕೂರಲು ಬೇಕಿದ್ದರೆ 12 ಮಿ.ಮೀ. ಪ್ಲೈ ಚೌಕಟ್ಟಿನ ಮೇಲೆ ಸುಮ್ಮನೆ ಇಟ್ಟು, ಮೇಲೆ ಕಟ್ಟುದಾರದ ಕುಷನ್ ಇಡಿ. ನಿಮ್ಮ ಹೊಲಿಗೆ ಯಂತ್ರಕ್ಕೆ ಅಷ್ಟು ಕೆಲಸ ಸುಲಭ: 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆ ಉದ್ದ 3.5–4 ಮಿ.ಮೀ. ಪೈಪಿಂಗ್ (ಅಂಚಿನ ಉಬ್ಬು ಪಟ್ಟಿ) ಬೇಡ, ನಾಲ್ಕು ಪದರ ಬಂದ ಕಡೆ ಸೂಜಿ ಮುರಿಯುತ್ತದೆ.

ಕೊಡತಿ_ಉಳಿ

ಸೋಫಾ ಬಗ್ಗೆ. ಸ್ಪ್ರಿಂಗ್ ಕೆಳಗೆ ಜೋತುಬಿದ್ದಿದೆ ಅಂದರೆ ಸಾಮಾನ್ಯವಾಗಿ ಸ್ಪ್ರಿಂಗ್ ಕೆಟ್ಟಿರುವುದಿಲ್ಲ, ಅದರ ಅಡಿಯ ಸಣಬಿನ ಪಟ್ಟಿ ಹರಿದಿರುತ್ತದೆ. ಒಂದೊಂದು ಸ್ಪ್ರಿಂಗನ್ನೂ ಒತ್ತಿ ನೋಡಿ, ಎಲ್ಲವೂ ಒಂದೇ ಎತ್ತರಕ್ಕೆ ಎದ್ದರೆ ಮೇಲಿನ ಬಟ್ಟೆ ಮುಟ್ಟದೆ ಅಡಿಯಿಂದಲೇ ಸರಿ ಮಾಡಬಹುದು.

ಸೋಫಾ ಬೋರಲು ಹಾಕಿ ಅಡಿಗೆ ಹೊಡೆದಿರುವ ಧೂಳು ತಡೆಯುವ ಬಟ್ಟೆ ಬಿಚ್ಚಿ. ಮೊದಲು ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ: ಕಪ್ಪು ಚುಕ್ಕೆಗಳ ಸಾಲು ಇದ್ದರೆ ತಿಗಣೆ, ಹಿಟ್ಟಿನಂಥ ಮರದ ಪುಡಿ ಮತ್ತು ಗುಂಡುಪಿನ್ನಿನ ತಲೆಯಷ್ಟು ತೂತು ಇದ್ದರೆ ಕುಟ್ಟೆ. ಎರಡರಲ್ಲಿ ಯಾವುದಿದ್ದರೂ ಔಷಧ ಮೊದಲು, ಪಟ್ಟಿ ಆಮೇಲೆ.

ಹೊಸ ಸಣಬಿನ ಪಟ್ಟಿ 2 ಅಥವಾ 3 ಇಂಚು ಅಗಲದ್ದು. ತುದಿಯನ್ನು ಒಂದಿಂಚು ಮಡಚಿ, ಐದು ಮೊಳೆ ಹೊಡೆಯಿರಿ, ಎಲ್ಲ ಒಂದೇ ಗೆರೆಯಲ್ಲಿ ಬೇಡ, ಹಿಂದೆ ಮುಂದೆ ಇರಲಿ, ಇಲ್ಲದಿದ್ದರೆ ಚೌಕಟ್ಟು ಸೀಳುತ್ತದೆ. ಇಲ್ಲಿ ಕೈ ಗನ್ನಿನ ಪಿನ್ ಸಾಲದು, 16 ಮಿ.ಮೀ. ಚಪ್ಪಟೆ ತಲೆಯ ಮೊಳೆಯೇ ಬೇಕು. ಇನ್ನೊಂದು ತುದಿಯನ್ನು ಒಂದು ಮರದ ತುಂಡಿಗೆ ಸುತ್ತಿ, ಆ ತುಂಡನ್ನು ಚೌಕಟ್ಟಿನ ಹೊರಬದಿಗೆ ಒತ್ತಿ ಮೀಟುಗೋಲಿನಂತೆ ಬಗ್ಗಿಸಿ ಎಳೆಯಿರಿ. ತಟ್ಟಿದರೆ ತಮಟೆಯ ಹಾಗೆ ಧ್ವನಿ ಬರಬೇಕು. ಉದ್ದಕ್ಕೂ ಅಡ್ಡಕ್ಕೂ ಚಾಪೆ ನೇಯ್ದ ಹಾಗೆ ಒಂದರ ಮೇಲೆ ಒಂದರ ಕೆಳಗೆ ಹಾಕಿ. ಪಟ್ಟಿಗಳು ಒಂದನ್ನೊಂದು ಹಾಯುವ ಕಡೆಯೇ ಸ್ಪ್ರಿಂಗ್ ಕೂರಬೇಕು. ಪ್ರತಿ ಸ್ಪ್ರಿಂಗನ್ನು ನಾಲ್ಕು ಕಡೆ ಗಟ್ಟಿ ಹುರಿಯಿಂದ ಪಟ್ಟಿಗೆ ಹೊಲಿಯಿರಿ.

ಎಲಾಸ್ಟಿಕ್ ಬೆಲ್ಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಸುರುಳಿ ಸ್ಪ್ರಿಂಗಿನ ಅಡಿಗೆ ಹಾಕಬೇಡಿ, ಎರಡೂ ಬಗ್ಗುತ್ತವೆ, ಸೀಟು ಜೋಲಿಯಾಗುತ್ತದೆ. ಸ್ಪ್ರಿಂಗ್ ತೆಗೆದು ಬರೀ ಫೋಮ್ ಹಾಕುವವರಿಗೆ ಅದು ಸರಿ. ಆಗ 18 ಇಂಚಿಗೆ ಗುರುತು ಹಾಕಿ, ಸುಮಾರು 20 ಇಂಚು ಬರುವಷ್ಟು ಎಳೆದು ಹೊಡೆಯಬೇಕು.

ಮೇಲಿನಿಂದ ಸ್ಪ್ರಿಂಗ್‌ಗಳನ್ನು ಒಂದಕ್ಕೊಂದು ಕಟ್ಟಿದ ಹುರಿ ಹರಿದಿದ್ದರೆ ಮಾತ್ರ ಪೂರ್ತಿ ಬಿಚ್ಚಬೇಕು. ಅದು ಆರು ಸೀಟು ಮುಗಿದ ಮೇಲಿನ ಮಾತು.

ತುಂಗಾತೀರ

ಒಂದು ಸೀಟು ಹೊದಿಸಿ ನೋಡಿದೆ. ಮುಂದಿನ ಅಂಚಿನಲ್ಲಿ ಪಿನ್ ಹೊಡೆದ ಕಡೆಗಳಲ್ಲೆಲ್ಲ ಅಲೆಅಲೆಯಾಗಿ ಗುಳಿ ಕಾಣುತ್ತದೆ. ಕೆಲವು ಪಿನ್ ಪೂರ್ತಿ ಇಳಿದಿಲ್ಲ. ಬಟ್ಟೆ ಸಾದಾ ಬೂದು ಬಣ್ಣದ್ದು.

ಸೂಜಿ_ದಾರ

ಗುಳಿ ಬರುವುದು ಒಂದೊಂದು ಪಿನ್ನಿಗೂ ಬೆರಳಿನಿಂದ ಚಿವುಟಿ ಎಳೆದದ್ದಕ್ಕೆ. ಎಳೆದ ಬಿಂದು ಬಿಗಿ, ನಡುವಿನ ಜಾಗ ಸಡಿಲ. ನಡುವಿನ ಪಿನ್ ಬಿಟ್ಟು ಆ ಬದಿಯ ಉಳಿದವನ್ನು ಕೀಳಿ. ಅಂಗೈ ಅಗಲ ಮಾಡಿ ಸೀಟಿನ ಮೇಲಿನಿಂದ ಅಂಚಿನ ಕಡೆಗೆ ಸವರಿ ತಂದು, ಫೋಮಿನ ಅಂಚು ಸ್ವಲ್ಪ ಒತ್ತಿದ ಸ್ಥಿತಿಯಲ್ಲಿ ಪಿನ್ ಹೊಡೆಯಿರಿ. ಗುಳಿ ಉಳಿದರೆ ಎರಡು ಪಿನ್ನಿನ ನಡುವೆ ಇನ್ನೊಂದು ಹಾಕಿ, ಅಲೆ ಮಾಯವಾಗುತ್ತದೆ.

ಕೊಡತಿ_ಉಳಿ

ಇಳಿಯದ ಪಿನ್ನಿಗೆ ಗನ್ ದೂರಬೇಡಿ. ಒತ್ತುವ ಹಿಡಿಯ ಜೊತೆಗೆ ಇನ್ನೊಂದು ಅಂಗೈಯಿಂದ ಗನ್ನಿನ ಮೂತಿಯ ಮೇಲೆ ಮೈಭಾರ ಹಾಕಬೇಕು, ಇಲ್ಲದಿದ್ದರೆ ಹೊಡೆತಕ್ಕೆ ಗನ್ನೇ ಹಿಂದೆ ಚಿಮ್ಮುತ್ತದೆ. ಸೀಟು ಹಾಸಿಗೆಯ ಮೇಲೋ ತೊಡೆಯ ಮೇಲೋ ಇಟ್ಟಿದ್ದರೂ ಹೀಗೇ ಆಗುತ್ತದೆ, ಗಟ್ಟಿ ಮೇಜಿನ ಮೇಲೆ ಕಂಬಳಿ ಹಾಸಿ ಇಡಿ. ಉಳಿದದ್ದನ್ನು ಸುತ್ತಿಗೆಯಿಂದ ಒಂದು ಏಟು ತಟ್ಟಿ ಕೂರಿಸಿ. ಮಡಚಿದ ಪಿನ್ನನ್ನು ತಟ್ಟಿದರೆ ಬಟ್ಟೆ ಹರಿಯುತ್ತದೆ, ಅದನ್ನು ಕಿತ್ತುಬಿಡಿ.

ಬಾಗಿದ ಆ ಒಂದು ಹಲಗೆ ಬದಲಿಸಿದಿರಾ? ಇಲ್ಲದಿದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹೊಸ ಪ್ಲೈಯಲ್ಲಿ ಸ್ಕ್ರೂ ತೂತನ್ನು ಹಳೇ ಹಲಗೆಯಿಂದ ಗುರುತಿಸುವ ಬದಲು ಕುರ್ಚಿಯ ಚೌಕಟ್ಟಿನ ಮೂಲೆಕಟ್ಟೆಯ (ಮೂಲೆಗೆ ಕೂಡಿಸಿದ ಮರದ ತುಂಡು) ತೂತಿನ ಮೂಲಕವೇ ಅಡಿಯಿಂದ ಮೊಳೆ ಚುಚ್ಚಿ ಗುರುತು ಮಾಡಿ. ಬಾಗಿದ ಹಲಗೆಯ ತೂತುಗಳ ಅಂತರವೂ ಬದಲಾಗಿರುತ್ತದೆ.